ವಿಳಾಸ ಬದಲಾದರೆ ಹೋಗುವ ವೋಟು

ಬೋಲಿಂಗ್‌ಬ್ರೂಕಿನ ಕೌಸಲ್ಯಾ ಅಮೆರಿಕದ ಪ್ರಜೆಯಾಗಿ ಒಂಬತ್ತು ವರ್ಷವಾಗಿತ್ತು. ಆದರೂ ತನ್ನ ವೋಟನ್ನು ತಾನೇ ಹಾಕಿದವಳಲ್ಲ. ಚುನಾವಣೆ ಬಂದಾಗಲೆಲ್ಲ ಅಂಚೆಯಲ್ಲಿ ಇಬ್ಬರ ಹೆಸರಿಗೂ ಒಂದೊಂದು ಮತಪತ್ರ, ಎರಡು ಬ್ಯಾಲೆಟ್ ಬರುತ್ತಿದ್ದವು. ಗಂಡ ಚಂದ್ರಮೌಳಿ ಊಟದ ಮೇಜಿನ ಮೇಲೆ ಎರಡನ್ನೂ ಹರಡಿಕೊಂಡು, ತಾನೇ ಗುರುತು ಹಾಕಿ, "ಇಲ್ಲೊಂದು ಸೈನ್ ಹಾಕು ಬಾ" ಎಂದು ಕರೆಯುತ್ತಿದ್ದ. ಅವಳು ದೋಸೆ ಮಗುಚುವ ನಡುವೆ ಬಂದು, ಕೈ ಒರೆಸಿಕೊಂಡು ಹಾಕಿ ಹೋಗುತ್ತಿದ್ದಳು. ಒಂದು ಕೆಲಸ ತಪ್ಪಿತಲ್ಲ ಎಂದು ಸಮಾಧಾನ ಬೇರೆ.

ಶಾಲೆಯ ಊಟದ ಕೋಣೆಯಲ್ಲಿ ಅವಳ ಜೊತೆ ಬಡಿಸುವ ಐರಿಸ್ ಅಮೆರಿಕದ ಆಡಳಿತಕ್ಕೆ ಸೇರಿದ ಪೋರ್ಟೊರಿಕೊ ದ್ವೀಪದವಳು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಡಿಸೆಂಬರಿನಲ್ಲಿ ಊರಿಗೇ ಮರಳುವವಳಿದ್ದಳು. ಅಕ್ಟೋಬರಿನ ಒಂದು ಮಧ್ಯಾಹ್ನ ತಟ್ಟೆ ಜೋಡಿಸುತ್ತ ಅಂದಳು: "ಮುಂಗಡ ಮತದಾನ ಶುರುವಾಗಿದೆ, ನಾಳೆ ವೋಟು ಹಾಕ್ತೀನಿ. ಇದೇ ಕೊನೇದು."

"ಯಾಕೆ? ನೀನು ಹುಟ್ಟಿನಿಂದ ಸಿಟಿಜನ್ ಅಲ್ವಾ?"

"ಹೌದು. ಆದ್ರೆ ದ್ವೀಪದಲ್ಲಿರೋರಿಗೆ ಅಧ್ಯಕ್ಷರನ್ನ ಆರಿಸೋ ವೋಟಿಲ್ಲ. ಇಲ್ಲಿಗೆ ಬಂದ್ಮೇಲೆ ಸಿಕ್ತು, ಅಲ್ಲಿಗೆ ಹೋದ್ರೆ ಹೋಯ್ತು."

ಕೌಸಲ್ಯಾಳ ಕೈಯ ಸೌಟು ಅಲ್ಲೇ ನಿಂತಿತು. ಅದೇ ಪಾಸ್‌ಪೋರ್ಟು, ಅದೇ ಸೈನ್ಯ, ಅದೇ ಬಾವುಟ!

"ನಿಮ್ಮಣ್ಣಂದಿರು ಮೂರು ಜನ ಇದ್ದಾರಲ್ಲ, ಅವರು ಹೋಗಲ್ವಾ?"

ಐರಿಸ್ ಜೋರಾಗಿ ನಕ್ಕಳು. "ಅಮ್ಮನ ಡೈಪರ್ ಬದಲಿಸೋಕೆ? ಅವರು ಇಲ್ಲೇ ಇರ್ತಾರೆ. ಅವರ ವೋಟೂ ಇಲ್ಲೇ ಇರುತ್ತೆ."

ಮರುದಿನ ಕೌಸಲ್ಯಾ ತನ್ನ ಹೆಸರಿನ ಖಾಲಿ ಬ್ಯಾಲೆಟ್ಟನ್ನು ಬ್ಯಾಗಿಗೆ ಹಾಕಿಕೊಂಡು ಅವಳ ಜೊತೆ ಮತಗಟ್ಟೆಗೆ ಹೊರಟಳು. ಐರಿಸ್ ಚರ್ಚಿಗೆ ಹೋಗುವ ನೀಲಿ ಫ್ರಾಕು, ಮುತ್ತಿನ ಓಲೆ ತೊಟ್ಟಿದ್ದಳು. ಮತಗಟ್ಟೆಯ ಹೆಂಗಸು ಅಂಚೆಯ ಬ್ಯಾಲೆಟ್ಟನ್ನು ತೆಗೆದುಕೊಂಡು ರದ್ದು ಮಾಡಿ ಕೌಸಲ್ಯಾಳಿಗೆ ಹೊಸದೊಂದನ್ನು ಕೊಟ್ಟಳು.

ಪಕ್ಕದ ಮರೆಯಲ್ಲಿ ಐರಿಸ್ ಒಂದೊಂದು ಹೆಸರಿನ ಕೆಳಗೂ ಬೆರಳಿಟ್ಟು ಓದುತ್ತಿದ್ದಳು. ಅವಸರವೇ ಇರಲಿಲ್ಲ. ಕೌಸಲ್ಯಾಳೂ ಓದತೊಡಗಿದಳು. ಅಧ್ಯಕ್ಷರು, ಕೌಂಟಿಯ ಅಧಿಕಾರಿಗಳು, ನ್ಯಾಯಾಧೀಶರು... ಹಾಳೆ ತಿರುಗಿಸಿದರೆ ಹಿಂದೆಯೂ ಇತ್ತು. ಇಷ್ಟು ದೊಡ್ಡ ದೊಡ್ಡವರೆಲ್ಲ ಸೌಟು ಹಿಡಿಯುವ ತನ್ನ ಕೈಗೆ ಕಾದು ನಿಂತಿದ್ದರೇ! ಅವಳು ಪೆನ್ನೆತ್ತಿ ಮೊದಲ ಗುರುತು ಹಾಕಿದಳು.

ಹೊರಗೆ ಬಂದಾಗ ಗಂಡನ ಫೋನು.

"ನಿನ್ನ ಬ್ಯಾಲೆಟ್ ಎಲ್ಲೇ? ಇಲ್ಲಿ ನಂದೊಂದೇ ಇದೆ."

"ಹಾಕ್ಬಿಟ್ಟೆ ರೀ."

"ಹಾಕ್ದ್ಯಾ? ಯಾರಿಗೆ?"

"ಹೇಳಲ್ಲ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಗಂಡನಿಗೆ ಹೇಳದ ಸಂಗತಿಯೊಂದು ಅವಳ ಬಳಿ ಇದ್ದದ್ದು ಅದೇ ಮೊದಲು.