ಸೋದರತ್ತೆ ಹೇಳಿದ ಪಾಠ

ತಮ್ಮ ದೇಹದ ಕಷ್ಟವನ್ನು ನಂಬಿಕೆಯಿಂದ ನಮ್ಮೆದುರು ತೆರೆದಿಟ್ಟ ರೋಗಿಗಳಲ್ಲಿ ನೆಲೆಸಿರುವ ಭಗವಂತನಿಗೆ, ಅವನ ಸೇವೆಗೆ ನನ್ನನ್ನು ಸಿದ್ಧಗೊಳಿಸಿದ ಗುರುಹಿರಿಯರಿಗೆ ಮೊದಲು ವಂದಿಸುತ್ತೇನೆ.

ಕೋವಿಡ್ ಹಾವಳಿ ತಗ್ಗಿದ ಮರುವರ್ಷ. ಚರ್ಮರೋಗ ತಜ್ಞನಾಗಿ ನಿವೃತ್ತನಾದ ನಾನು ರಾಬರ್ಟ್‌ಸನ್‌ಪೇಟೆಯ ನರ್ಸಿಂಗ್ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ವಿಟಿಲಿಗೊ, ಅಂದರೆ ಚರ್ಮವು ಬಣ್ಣ ಕಳೆದುಕೊಂಡು ಬಿಳುಪಾಗುವ ಸ್ಥಿತಿ, ಅದನ್ನು ಚಿತ್ರಗಳಲ್ಲಿ ತೋರಿಸುವ ಬದಲು ನನ್ನ ಹಳೆಯ ರೋಗಿ, ಬೂದಿಕೋಟೆಯ ಕಡೆ ಹಸು ಸಾಕಿಕೊಂಡಿದ್ದ ಮುನಿರತ್ನಮ್ಮನವರನ್ನೇ ತರಗತಿಗೆ ಆಹ್ವಾನಿಸಿದೆ.

"ಬತ್ತೀನಿ ಸಾ. ಆದ್ರೆ ನನ್ ತಮ್ಮನೂ ಕುಂತು ಕೇಳ್ಬೇಕು," ಎಂದರು.

ಕಾರಣವಿತ್ತು. ತಮ್ಮ ವೆಂಕಟೇಶನ ಮಗಳಿಗೆ ಆ ಶುಕ್ರವಾರ ನಾಮಕರಣ. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಅಕ್ಕನ ಕೈಯ ಬಿಳಿ ಮಚ್ಚೆ ಮಗುವಿಗೆ ಅಂಟೀತೆಂದು ಕಾಮಸಮುದ್ರದ ಅವನ ಅತ್ತೆ, ಹೆಂಡತಿಯ ತಾಯಿ, ಬೇಡವೆಂದಿದ್ದರು, ಅವನೂ ಅದಕ್ಕೆ ತಲೆಬಾಗಿದ್ದ.

ತರಗತಿಯಲ್ಲಿ ಸೆಲ್ವಿ ಎಂಬ ವಿದ್ಯಾರ್ಥಿನಿ ಮುನಿರತ್ನಮ್ಮನವರ ಚರ್ಮವನ್ನು ಪರೀಕ್ಷಿಸಲು ಮುಂದೆ ಬಂದಳು. ಬರುವಾಗಲೇ ಗ್ಲೌಸ್ ಧರಿಸಿದ್ದಳು. ಹಿಂದಿನ ಬೆಂಚಿನಲ್ಲಿದ್ದ ವೆಂಕಟೇಶ ತಲೆ ತಗ್ಗಿಸಿದ.

ಮುನಿರತ್ನಮ್ಮನವರು ಅವಳ ಕೈ ನೋಡಿದರು. "ಏನವ್ವಾ, ಸಗಣಿ ಬಾಚಾಕೆ ಬಂದಿದ್ದೀಯಾ?"

ತರಗತಿ ಗೊಳ್ಳೆಂದಿತು.

"ಬುಕ್ಕಲ್ಲಿ ಏನ್ ಬರ್ದವ್ರೆ? ಇದು ಅಂಟ್ತದಾ?"

"ಇಲ್ಲಮ್ಮ, ಅಂಟಲ್ಲ."

"ಮತ್ತೆ ಕೈಗ್ಯಾಕೆ ಚೀಲ?"

ಸೆಲ್ವಿ ತಾನೂ ನಕ್ಕು ಗ್ಲೌಸ್ ಬಿಚ್ಚಿದಳು. ಅವರ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಹತ್ತಿಯ ಎಳೆಯಿಂದ ಬಿಳಿಯ ಭಾಗವನ್ನು ಸವರಿದಳು. ಕುಷ್ಠದ ಮಚ್ಚೆಯಾದರೆ ಅಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ, ವಿಟಿಲಿಗೊದಲ್ಲಿ ಕುಂದುವುದಿಲ್ಲ.

"ಗೊತ್ತಾಗ್ತದಾಮ್ಮ?"

"ಕಚಗುಳಿ ಆಯ್ತದೆ, ಬಿಡೇ ತಾಯಿ!"

ನಗುವಿನ ನಡುವೆ ವೆಂಕಟೇಶ ಎದ್ದು ನಿಂತ. "ಅಕ್ಕಾ, ಶುಕ್ರವಾರ ಮಗೀಗೆ ಎಸ್ರು ನೀನೇ ಏಳ್ಬೇಕು."

"ನಿಮ್ಮತ್ತೆ ಒಪ್ತಾರೇನ್ಲಾ?"

"ಈ ಸಿಸ್ಟರ್‌ನೂ ಕರ್ಕೊಂಡೋಗಾನ."

ಶುಕ್ರವಾರ ನಾನೂ ಸೆಲ್ವಿಯೂ ಹೋದೆವು. ಸೆಲ್ವಿ ಉಪನ್ಯಾಸ ಮಾಡಲಿಲ್ಲ. ಮುನಿರತ್ನಮ್ಮನವರ ಪಕ್ಕದಲ್ಲಿ ಕುಳಿತು, ಅವರ ಕೈಯಿಂದಲೇ ತಲೆಗೆ ಹೂ ಮುಡಿಸಿಕೊಂಡಳು. ವೆಂಕಟೇಶನ ಅತ್ತೆ ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಕೊನೆಗೆ ಕೂಸನ್ನು ತಂದು, "ಎತ್ಕೊಳವ್ವಾ ನಿನ್ ಸೊಸೇನ," ಎಂದು ಮಡಿಲಿಗಿತ್ತರು. ಮುನಿರತ್ನಮ್ಮನವರು ಹೆಸರು ಹೇಳಲು ಬಾಗುತ್ತಲೇ ಕೂಸು ಅವರ ಮೂಗುಬೊಟ್ಟನ್ನು ಹಿಡಿಯಿತು.

"ಬಿಡೇ ಕಳ್ಳಿ, ಎಸ್ರಾದ್ರೂ ಕೇಳೇ!"

ಅಂಟುವುದಿಲ್ಲವೆಂದು ವೃತ್ತಿಯುದ್ದಕ್ಕೂ ಬಾಯಿಮಾತಿನಲ್ಲಿ ಹೇಳಿದ್ದೆ. ಜನರು ನಂಬುವುದು ವೈದ್ಯನ ಮಾತನ್ನಲ್ಲ, ಅವನ ಕೈ ಎಲ್ಲಿಯವರೆಗೆ ಚಾಚುತ್ತದೆಂಬುದನ್ನು ಎಂದು ಆ ವಾರ ಕಲಿತೆ. ಕಲಿಸಿದ ತಾಯಿಗೂ ಕಲಿತ ಮಕ್ಕಳಿಗೂ, ಮಡಿಲು ತುಂಬಿದ ಆ ಕೂಸಿಗೂ ಭಗವಂತನು ಆಯುರಾರೋಗ್ಯಗಳನ್ನು ಕರುಣಿಸಲಿ.