ಲವೆಲ್‌ನ ಕೈಗೆ ಎಸೆದ ಹಣ್ಣು

ನಮ್ಮೂರಲ್ಲಿ ಲವೆಲ್ ಪೆಟಿಗ್ರೂಗೆ ಯಾರೂ ಏನನ್ನೂ ಕೈಗೆ ಕೊಡುವುದಿಲ್ಲ, ಎಸೆಯುತ್ತಾರೆ. ಬೀಗದ ಕೈ ಎಸೆಯುತ್ತಾರೆ, ಚರ್ಚಿನ ಊಟದಲ್ಲಿ ಬ್ರೆಡ್ಡಿನ ತುಂಡನ್ನೂ ಎಸೆಯುತ್ತಾರೆ. ಚೆಂಡನ್ನು ಕೈಯಿಂದ ಎಸೆದು ಹಿಡಿಯುವ ನಮ್ಮ ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಅವನು ಓಡುತ್ತ ಓಡುತ್ತ ಹಿಡಿದಷ್ಟು ಚೆಂಡುಗಳನ್ನು ಆ ಕಾಲೇಜಿನಲ್ಲಿ ಇವತ್ತಿಗೂ ಯಾರೂ ಹಿಡಿದಿಲ್ಲ.

ಮೊಣಕಾಲು ಹೋದ ಮೇಲೆ ದೊಡ್ಡ ತಂಡಗಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಊರಿಗೆ ಬಂದು ಶಾಲೆಯ ಬಸ್ಸು ಓಡಿಸುತ್ತಲೇ ತಲೆ ನರೆಯಿತು. ಆದರೂ ಈ ಹಾಳು ಜನ ಎಸೆಯುವುದು ಬಿಡಲಿಲ್ಲ. ಸಂಧಿವಾತಕ್ಕೆ ಅವನ ಬೆರಳುಗಳು ಸೊಟ್ಟಗಾಗಿದ್ದು ಒಬ್ಬರ ಕಣ್ಣಿಗೂ ಬೀಳಲಿಲ್ಲ. ಅವನೂ ಬಾಯಿಬಿಟ್ಟು ಹೇಳುವವನಲ್ಲ.

ಕಳೆದ ಶನಿವಾರ ನನ್ನ ಹೋಟೆಲಿನಲ್ಲಿ ಡಾಯ್ಲ್ ಹ್ಯಾಂಕಿನ್ಸ್ ಕೂತಿದ್ದ. ಕಾಲೇಜಿನಲ್ಲಿ ಲವೆಲ್‌ಗೆ ಚೆಂಡು ಎಸೆಯುತ್ತಿದ್ದವನು ಇವನೇ. ಚೆಂಡು ನೆಲಕ್ಕೆ ಬಿದ್ದಾಗೆಲ್ಲ "ನಾನು ಸರಿಯಾಗೇ ಎಸೆದೆ, ಅವನೇ ಬಿಟ್ಟ" ಅನ್ನುತ್ತಿದ್ದ ಜಂಬದ ಕೋಳಿ.

ಲವೆಲ್ ಒಳಗೆ ಕಾಲಿಟ್ಟ. "ಹಿಡಿಯೋ, ಮುದಿಯಾ!" ಎಂದು ಡಾಯ್ಲ್ ಒಂದು ಪೀಚ್ ಹಣ್ಣು ಎಸೆದ.

ಲವೆಲ್‌ನ ಎರಡೂ ಕೈ ಎದ್ದವು. ಹಣ್ಣು ಬೆರಳ ಸಂದಿಯಿಂದ ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಲವೆಲ್ ತನ್ನ ಕೈಗಳನ್ನೇ ನೋಡುತ್ತ ನಿಂತ.

ಡಾಯ್ಲ್ ಎದ್ದು ಬಂದು ಅವನ ಕೈ ಹಿಡಿದುಕೊಂಡ. "ನಿಂದೇನೂ ತಪ್ಪಿಲ್ಲ ಬಿಡೋ. ನಾನೇ ಸೊಟ್ಟ ಎಸೆದೆ."

"ಹೂಂ, ಸೊಟ್ಟಗೇ ಇತ್ತು! ನಿನಗೆ ಯಾವತ್ತು ನೆಟ್ಟಗೆ ಎಸೆಯೋಕೆ ಬಂದಿತ್ತು?" ಎಂದು ನಾನೂ ಬೈಯುತ್ತ ನೆಲ ಒರೆಸಿದೆ.

ಹಣ್ಣು ನೇರ ಲವೆಲ್‌ನ ಎದೆಗೇ ಬಂದದ್ದನ್ನು ಅಲ್ಲಿದ್ದವರೆಲ್ಲ ನೋಡಿದ್ದರು.