ಮುದ್ದೆ ಪಾತ್ರೆಯೊಳಗಿನ ಜ್ವಾಲಾಮುಖಿ

"ಮುದ್ದೆ ಹಿಟ್ಟಿಗೆ ತೂತು ಮಾಡ್ದಿದ್ರೆ ಸಿಡೀದೆ ಇನ್ನೇನಾಯ್ತೈತೆ ಮಿಸ್?"

ಹೋದ ವರ್ಷ ಒಂದು ದಿನ ಬಾಗಿಲ ಕಡೆಯಿಂದ ಈ ಮಾತು ಬಂದಾಗ ಏಳನೇ ತರಗತಿಯ ಮಕ್ಕಳೂ ನಾನೂ ಒಟ್ಟಿಗೆ ತಿರುಗಿ ನೋಡಿದೆವು. ಜಾವಗಲ್ ಬಳಿಯ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಗೌರಮ್ಮ, ಅಕ್ಕಿ ಅಳೆಯುವ ಮೊದಲು ಆ ದಿನದ ಹಾಜರಿ ಕೇಳಲು ಬಂದು ನಿಂತಿದ್ದರು. ಬೋರ್ಡಿನ ಮೇಲೆ ಎರಡು ಬಗೆಯ ಜ್ವಾಲಾಮುಖಿ ಬರೆದಿದ್ದೆ. ಗುರಾಣಿಯಂತೆ ಅಗಲವಾದದ್ದು ಸುಮ್ಮನೆ ಹರಿಯುತ್ತದೆ, ಶಂಕುವಿನಂತೆ ಕಡಿದಾದದ್ದು ಮಾತ್ರ ಸಿಡಿಯುತ್ತದೆ, ಯಾಕೆ? ಮೂರು ಸಲ ಕೇಳಿದರೂ ಯಾರೂ ಬಾಯಿ ಬಿಡದೆ ನನಗೆ ರೇಗಿಹೋಗಿತ್ತು.

"ಒಳಗೆ ಬಂದು ಹೇಳಿ ಗೌರಮ್ಮ" ಎಂದೆ. ಸೆರಗಿಗೆ ಕೈ ಒರೆಸಿಕೊಂಡು ಬಂದರು.

"ಅಂಬ್ಲಿ ತೆಳ್ಳಗಿರ್ತೈತೆ, ಉಕ್ಕಿದ್ರೂ ಹರ್ಕೊಂಡು ಹೋಯ್ತೈತೆ. ಮುದ್ದೆ ಹಿಟ್ಟು ಗಟ್ಟಿ. ನಡುವೆ ಕೋಲಾಕಿ ದಾರಿ ಮಾಡ್ದಿದ್ರೆ ಆವಿ ಒಳಗೇ ಸಿಕ್ಕಾಕ್ಕೊಂಡು ಪಟ್ ಅಂತ ಎಗರ್ತೈತೆ" ಎಂದು ಮುಂಗೈಯ ಹಳೆಯ ಸುಟ್ಟ ಕಲೆ ತೋರಿಸಿದರು.

ಲಾವಾ ತೆಳುವೋ ಗಟ್ಟಿಯೋ ಎನ್ನುವುದೇ ಉತ್ತರ, ಪುಸ್ತಕದಲ್ಲಿದ್ದದ್ದೂ ಅದೇ. ಮಕ್ಕಳೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಅವರ ಮಗಳು, ಯಾರೂ ಕೇಳದಿದ್ದರೂ ಎದ್ದು ನಿಂತು, "ನಮ್ಮವ್ವ ಮಿಸ್" ಎಂದಳು.

ಗೌರಮ್ಮ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವರು. ಈ ವರ್ಷ ಆ ಪಾಠದ ದಿನ ಸೀಮೆಸುಣ್ಣವನ್ನು ಅವರ ಕೈಗೆ ಕೊಟ್ಟು, ನಾನು ಮಕ್ಕಳ ಸಾಲಿನಲ್ಲಿ ಕುಳಿತೆ.